ಅತ್ತಿಗೆಮ್ಮನ ಕುಕ್ಕರಿನ ಹಸಿರು ವಾಯರ್

ಸ್ವಲ್ಪ ನಿಲ್ರಿ, ಹಾಳಿ ತಿರುವಬ್ಯಾಡ್ರಿ. ಈ ಸಲ ನಾ ಸ್ಟೆಬಿಲೈಜರ್ ಸುತ್ತೋದು ಹೆಂಗ ಅಂತ ಬರಿಯಾಂಗಿಲ್ಲ. ಹೋದ ತಿಂಗಳ ಅರ್ಧಕ್ಕ ಬಿಟ್ಟ ಆಂಪ್ಲಿಫೈಯರೂ ಈ ಸಲ ಇಲ್ಲ. ಬ್ಯಾರೆ ಒಂದು ಹೇಳೋದೈತಿ. ಕಡೀತನಕ ತಡೀರಿ, ಆಮ್ಯಾಲ ನನ್ನ ಬಗ್ಗೆ ಏನು ಅನ್ಕೋಬೇಕೋ ಅನ್ಕೋರಿ.

ನಮ್ಮ ಅತ್ತಿಗೆಮ್ಮಗ ಗಾಳಿ ಬಡಿದಿತ್ತು, ದೆವ್ವ ಹೊಕ್ಕಿತ್ತು ಅಂತ ಮಸ್ಕಿಯೊಳಗ ನಮ್ಮ ಓಣಿ ಮಂದಿ ಇವತ್ತಿಗೂ ಹೇಳ್ತಾರ. ಆಕಿಗೆ ಗಾಳಿ ಬಡಿದಿರಲಿಲ್ಲ. ಕರೆಂಟು ಹೊಡೀತಿತ್ತು. ಆಕಿ ಅನ್ನ ಮಾಡ್ಕೊಳ್ಳೋ ಸಣ್ಣ ಕುಕ್ಕರಿನ ವಾಯರ್ ತಪ್ಪು ಜೋಡಿಸಿದಾಂವ ನಾನು. ಕುಕ್ಕರ್‌ನಾಗ ಏನೂ ಇಲ್ಲ ಅಂತ ಎಲ್ಲಾರ ಮುಂದ ಹೇಳಿದಾಂವ ನಾನು. ಖರೆ ಸಂಗತಿ ಗೊತ್ತಾದ ಮ್ಯಾಲೂ ಬಾಯಿ ಮುಚ್ಕೊಂಡು ಕುಂತಾಂವ — ಅವನೂ ನಾನ.

ಹಾಂ, ಬರೆದೆ. ಇಷ್ಟು ಬರಿಯಾಕ ಎಷ್ಟು ಹಾಳಿ ಹರದೀನಿ ಗೊತ್ತೇನ್ರಿ.

ನಿಮಗ ನಾ ಗೊತ್ತದೀನಿ. ಸಿಂಧನೂರಾಗ ರೇಡಿಯೊ, ಟೇಪು, ಮಿಕ್ಸರ್ ರಿಪೇರಿ ಮಾಡ್ತೀನಿ, ನಮ್ಮಂಥ ಹುಚ್ಚು ಹುಡುಗ್ರು ಸೇರಿ ತಿಂಗಳಿಗೊಮ್ಮೆ ಜೆರಾಕ್ಸ್ ಹೊಡಿಸಿ ಹಂಚೋ ಈ ಪುಸ್ತಕದಾಗ ಹಿಂದಿನ ಪುಟ ತುಂಬಸ್ತೀನಿ. ಯಾರ ಹತ್ರಾನೂ ಕಲ್ತಾಂವ ಅಲ್ಲ. ಬಿಚ್ಚಿದ್ದು, ಕೆಡಿಸಿದ್ದು, ಮತ್ತ ಬಿಚ್ಚಿದ್ದು — ಹಂಗ ಬಂದಿದ್ದು ನನ್ನ ವಿದ್ಯೆ. ಟೈಪೂ ಹಂಗ, ಎರಡು ಬಟ್ಟಿನಾಗ ಮಾತಾಡಿದಂಗ ಕುಟ್ಕೊಂತ ಹೋಗ್ತೀನಿ. ತಪ್ಪಿದ್ರ ತಿದ್ದಿಕೊಳ್ರಿ. ಕೆಡಿಸಿದ್ದು ಯಾರ ಮನೀದು ಅನ್ನೋದು ಮಾತ್ರ ಇಲ್ಲೀತನಕ ಬರೆದಿರಲಿಲ್ಲ.

ಅತ್ತಿಗೆಮ್ಮ ಅಂದ್ರ ನಮ್ಮಣ್ಣನ ಹೆಂಡ್ತಿ, ಹುಲಿಗೆಮ್ಮ. ತವರು ಮನಿ ದಢೇಸುಗೂರು. ನಮ್ಮಣ್ಣ ಟ್ರ್ಯಾಕ್ಟರ್ ಹೊಡೀತಿದ್ದ, ನೆಲ್ಲಿನ ಗದ್ದಿ ಹದ ಮಾಡಾಕ ಕಾಲುವಿ ಕಡೆ ಹೋಗಿ ತಿಂಗಳುಗಟ್ಲೆ ಅಲ್ಲೇ ಇರ್ತಿದ್ದ. ಅಲ್ಲೇ ಆಕಿನ್ನ ನೋಡಿ ಮದುವಿ ಆದ. ನೀರಾಗ ಕಾಲಿಟ್ಟು ಬೆಳದ ಹುಡುಗಿ, ಮೂರು ಹೊತ್ತೂ ಅನ್ನ ಉಂಡಾಕಿ. ನಮ್ಮ ಮನಿ ಜ್ವಾಳದ ಮನಿ. ನಮ್ಮವ್ವಗ ಅನ್ನ ಅಂದ್ರ ಬ್ಯಾನಿ ಬಿದ್ದೋರು ಉಣ್ಣೋದು, ಇಲ್ಲಾಂದ್ರ ಹಬ್ಬಕ್ಕ ಒಂದು ತುತ್ತು. ಅತ್ತಿಗೆಮ್ಮ ರೊಟ್ಟಿ ಬಡದ್ರ ಹಂಚಿಗೆ ಹಾಕೋದ್ರಾಗ ಹರೀತಿತ್ತು. ಮಗ್ಗಲ ಮನಿ ತಾಯಮ್ಮ ಬಾಗಲದಾಗ ನಿಂತು, "ಹುಲಿಗೆಮ್ಮ, ನಿನ್ನ ರೊಟ್ಟಿ ಎಮ್ಮಿಗೆ ಹಾಕಬ್ಯಾಡವ್ವ, ಅದು ನಕ್ಕೋಂತ ಹಾಲು ಬಿಡೋದು ಮರೀತೈತಿ" ಅಂತಿದ್ಲು. ಅತ್ತಿಗೆಮ್ಮ ತಾನೂ ನಗ್ತಿದ್ಲು. ಆದ್ರ ಊಟಕ್ಕ ಕುಂತಾಗ ಆಕಿ ಒಂದು ರೊಟ್ಟಿ ಹಿಡ್ಕೊಂಡು ಎಷ್ಟೊತ್ತು ಅಗೀತಿದ್ಲು ಅಂತ ನಾ ನೋಡೀನಿ. ತನ್ನೊಬ್ಬಾಕಿ ಸಲುವಾಗಿ ಒಲಿ ಮ್ಯಾಲ ಇನ್ನೊಂದು ಗಡಿಗಿ ಇಡ್ರಿ ಅಂತ ಕೇಳಾಕ ಆಕಿಗೆ ಬಾಯಿ ಬರ್ತಿರಲಿಲ್ಲ.

ಅದು ಆಕಿ ಅಪ್ಪಗ ಗೊತ್ತಾತು. ಒಮ್ಮೆ ಮಗಳನ್ನ ನೋಡಾಕ ಬರೋ ಮುಂದ ಸಿಂಧನೂರು ಬಜಾರದಾಗ ಇಳಿದು ಆ ಕುಕ್ಕರ್ ತಂದ. ಸಸ್ತಾದ್ದು, ಹೆಸರು ಕೇಳದ ಮಾಲು, ಒಂದು ಚರಗಿಗಿಂತ ಸ್ವಲ್ಪ ದೊಡ್ಡದು ಅಷ್ಟ. ಒಳಗ ತೆಳ್ಳನ ಅಲ್ಯುಮಿನಿ ಪಾತ್ರಿ, ಹೊರಗ ತಗಡಿನ ಮೈ, ಮುಂದ ಒಂದು ಕೆಂಪು ಗುಂಡಿ. ಒಬ್ಬರ ಹೊಟ್ಟಿಗೆ ಆಗೋವಷ್ಟ ಅನ್ನ ಆಗ್ತಿತ್ತು. ಆಕಿ ಅಪ್ಪ ನಮ್ಮವ್ವನ ಮುಂದ ಕೈ ಮುಗದಂಗ ಮಾಡಿ, ಇದು ಕಟಗಿ ಕೇಳಾಂಗಿಲ್ಲರೀ, ಯಾರಿಗೂ ತ್ರಾಸ ಕೊಡಾಂಗಿಲ್ಲ ಅಂದ. ಅವ್ವ ಅದನ್ನ ಎತ್ತಿ ತಿರುವಿ ನೋಡಿ, ನಮ್ಮ ಮನಿ ಬೆಕ್ಕಿಗೂ ಸಾಲಂಗಿಲ್ಲಲ್ಲಪ್ಪ ಇದು ಅಂದ್ಲು. ಆದ್ರ ಬ್ಯಾಡ ಅನ್ನಲಿಲ್ಲ.

ಮಧ್ಯಾಹ್ನ ಎಲ್ಲಾರೂ ಹೊಲಕ್ಕ ಹೋದ ಮ್ಯಾಲ ಆಕಿ ಒಂದು ಹಿಡಿ ಅಕ್ಕಿ ತೊಳದು ಇಡಾಕಿ. ಮೊಸರು, ಸೇಂಗಾ ಹಿಂಡಿ ಹಚ್ಕೊಂಡು ಕಟ್ಟಿಗೆ ಬೆನ್ನು ಕೊಟ್ಟು ಉಣ್ಣಾಕಿ. ಆ ಹೊತ್ತಿನ್ಯಾಗ ಆಕಿ ಮುಖ — ಅದನ್ನ ಹೆಂಗ ಹೇಳ್ಲಿ. ತನ್ನ ಊರಾಗ ಕುಂತಂಗ ಇರ್ತಿತ್ತು.

ನನಗ ಅನ್ನ ಬ್ಯಾಡ, ಆ ಕುಕ್ಕರ್ ಬೇಕಿತ್ತು. ಹತ್ತನೇತ್ತ ಫೇಲಾಗಿ ಮನ್ಯಾಗ ಬಿದ್ದಿದ್ದೆ, ಬ್ಯಾರೆ ಕೆಲಸ ಇರಲಿಲ್ಲ. ಅನ್ನ ಆತು ಅಂತ ಅದಕ್ಕ ಹೆಂಗ ಗೊತ್ತಾಗ್ತೈತಿ? ಯಾರೂ ನೋಡಾಂಗಿಲ್ಲ, ಯಾರೂ ಮುಚ್ಚಳ ತೆಗ್ಯಾಂಗಿಲ್ಲ, ನೀರು ಇಂಗಿದ ಕೂಡ್ಲೆ ತಾನ ಗುಂಡಿ ಟಕ್ ಅಂತ ಮ್ಯಾಲ ಬರ್ತೈತಿ. ನಾ ಅದರ ಮುಂದ ಬಗ್ಗಿ ಕಿವಿ ಇಟ್ಟು ಕುಂಡ್ರಾಂವ. ಅತ್ತಿಗೆಮ್ಮ ನಕ್ಕು, ಅದಕ್ಕ ಮೂಗೈತಿ ತಮ್ಮಾ, ವಾಸನಿ ಹಿಡೀತೈತಿ ಅನ್ನಾಕಿ. ಆಮ್ಯಾಲ ನಾ ಬಿಚ್ಚಿ ನೋಡಿ ಕಂಡು ಹಿಡದೆ — ಕೆಳಗ ಒಂದು ಆಯಸ್ಕಾಂತ ಐತಿ, ನೀರು ಇರೋತನಕ ಪಾತ್ರಿ ಒಂದು ಹದದ ಮ್ಯಾಲ ಕಾಯಾಂಗಿಲ್ಲ, ನೀರು ಮುಗದ ಕೂಡ್ಲೆ ಕಾವು ಏರಿ ಆಯಸ್ಕಾಂತದ ಹಿಡಿತ ಬಿಡ್ತೈತಿ, ಸ್ಪ್ರಿಂಗು ಗುಂಡಿ ಒದಿತೈತಿ! ಅವತ್ತು ಆಕಿಗೆ ಹೇಳಿದಾಗ ಆಕಿ ಅಕ್ಕಿ ತೊಳಿಯೋದು ಬಿಟ್ಟು ಕೇಳಿದ್ಲು. ನನ್ನ ಮಾತು ಅಷ್ಟು ಲಕ್ಷ್ಯ ಕೊಟ್ಟು ಕೇಳಿದ ಮೊದಲನೇ ಮನಿಶ್ಯಾಳು ಆಕಿ.

ಈಗ ಹಸಿರು ವಾಯರ್.

ಕುಕ್ಕರಿಗೆ ಮೂರು ಕಾಲಿನ ಪಿನ್ನು. ನಮ್ಮ ಮನ್ಯಾಗ ಬೋರ್ಡಿಗೆ ಎರಡ ತೂತು. ಅಪ್ಪ ತಂದು ಕೊಟ್ಟ ಕುಕ್ಕರ್ ಹಚ್ಚಾಕ ಬರವಲ್ದು ಅಂತ ಅತ್ತಿಗೆಮ್ಮ ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ಲು. ನಾ ಎದಿ ಉಬ್ಬಿಸಿ, ಇದೇನು ದೊಡ್ಡ ಮಾತು ಅಂದೆ. ಪಿನ್ನು ಕತ್ತರಿಸಿದೆ. ಒಳಗ ಮೂರು ವಾಯರ್ — ಕೆಂಪು, ಕರಿ, ಹಸಿರು. ಕೆಂಪು, ಕರಿ ಎರಡನ್ನ ಎರಡು ಕಾಲಿನ ಪಿನ್ನಿಗೆ ಬಿಗದು ಹಚ್ಚಿದೆ, ಕುಕ್ಕರ್ ಕಾಯ್ತು, ಅನ್ನ ಆತು. ಎರಡರಾಗ ಅನ್ನ ಆದ ಮ್ಯಾಲ ಮೂರನೇದು ಯಾಕ? ಕಂಪನಿಯವರು ಚಂದಕ್ಕ ಇಟ್ಟಾರ ಅನ್ಕೊಂಡೆ. ಬುಡಕ್ಕ ಕತ್ತರಿಸಿ ಆ ತುಂಡಿನ್ಯಾಗ ನನ್ನ ರೇಡಿಯೊ ಏರಿಯಲ್ ಉದ್ದ ಮಾಡ್ಕೊಂಡೆ.

ಈ ಪುಸ್ತಕ ಓದೋ ನಿಮಗ ಹೇಳೋದು ಬೇಕಾಗಿಲ್ಲ. ಒಳಗ ಎಲ್ಲ್ಯರ ವಾಯರ್ ಸುಟ್ಟು ಮೈಗೆ ತಾಗಿದ್ರ, ಕರೆಂಟು ಮನಿಶ್ಯಾನ ಮೈಯಾಗ ಹಾದು ಹೋಗೋ ಬದಲಿ ನೆಲಕ್ಕ ಹೋಗ್ಲಿ ಅಂತ ಆ ಹಸಿರು ವಾಯರ್. ಅವತ್ತ ನನಗ ಗೊತ್ತಿರಲಿಲ್ಲ. ಅಷ್ಟಕ್ಕ ನಿಂತಿದ್ರ ಇದನ್ನ ಬರೀತಿರಲಿಲ್ಲ ನಾನು.

ಒಂದು ಮಳಿಗಾಲ ಚೊಲೋ ಹೋತು. ಎರಡನೇದರಾಗ ಆಕಿ, ಅತ್ತೀ, ಕುಕ್ಕರ್ ಮುಟ್ಟಿದ್ರ ಕೈ ಚುರ್ ಅಂತೈತಿ ಅಂದ್ಲು. ಅವ್ವ, ಅನ್ನ ಮಾಡಾಕೂ ಬ್ಯಾಸರಾತೇನು ಅಂದು ಬಿಟ್ಲು. ಆಕಿ ನನಗೂ ಹೇಳಿದ್ಲು. ನಾ ಪಿನ್ನು ಬಿಗಿ ಮಾಡಿ, ಮುಟ್ಟಿ, ಏನಿಲ್ಲ ಅಂದೆ. ಖರೇನ ಏನೂ ಇರಲಿಲ್ಲ ಅವತ್ತ. ಮರುದಿನ ಆಕಿಗೂ ಏನೂ ಆಗಲಿಲ್ಲ. ಆದ್ರ ಮತ್ತ ಒಂದಿನ ಚುರ್ ಅಂತು. ಮತ್ತ ಇಲ್ಲ. ಮತ್ತ ಅಂತು.

ತಾಯಮ್ಮ ಅದನ್ನ ಲೆಕ್ಕ ಹಾಕಿದ್ಲು. ಮಂಗಳವಾರ, ಶುಕ್ರವಾರನ ಆಗ್ತೈತಿ ನೋಡ್ರವಾ, ಬ್ಯಾರೆ ದಿನ ಇಲ್ಲ ಅಂದ್ಲು. ಓಣಿ ಹೆಂಗಸ್ರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಆಕಿ ಹೇಳಿದ್ದು ಖರೆನ ಇತ್ತು. ಮಂಗಳವಾರ, ಶುಕ್ರವಾರನ ಆಗ್ತಿತ್ತು. ಆ ವಾರ ಆ ವಾರ ಗಾಳಿ ತಿರಗ್ತೈತಿ, ದೇವ್ರು ಮೈಮ್ಯಾಲ ಬರ್ತೈತಿ ಅಂತ ನಮ್ಮ ಕಡೆ ಎಲ್ಲಾರೂ ನಂಬೋರು.

ಮಂಗಳವಾರ, ಶುಕ್ರವಾರ ನಮ್ಮ ಮನ್ಯಾಗ ಅಡಿಗಿ ಮನಿ ಸಾರಸ್ತಿದ್ರು. ಸಗಣಿ ನೀರು ಹಾಕಿ ಸಾರಿಸಿದ ನೆಲ ಮಧ್ಯಾಹ್ನದ ತನಕ ಹಸಿ ಇರ್ತಿತ್ತು. ಹಸಿ ನೆಲದ ಮ್ಯಾಲ ಬರಿಗಾಲಿಲೆ ಕುಂತು ಕುಕ್ಕರ್ ಮುಟ್ಟಿದ್ರ — ನೀವು ತಿಳಕೊಂಡ್ರಿ. ಉಳಿದ ದಿನ ನೆಲ ಒಣಗಿರ್ತಿತ್ತು, ಇಲ್ಲಾ ಆಕಿ ಕಟಗಿ ಮಣಿ ಹಾಕ್ಕೊಂಡು ಅದರ ಮ್ಯಾಲ ಕುಂತಿರ್ತಿದ್ಲು. ನಾ ತಿಳಕೊಳ್ಳಲಿಲ್ಲ. ಮಣಿ ಮ್ಯಾಲ ಕುಂತು ನೋಡಿದೆ, ಒಣ ದಿನ ನೋಡಿದೆ, ಬೇಕಾದಂಗ ನೋಡಿ ಏನಿಲ್ಲ ಅಂದೆ.

ಒಂದು ಶುಕ್ರವಾರ ಆಕಿ ಪಾತ್ರಿ ಎತ್ತಾಕ ಹೋಗಿ ಕೆಳಗ ಬಿದ್ಲು. ನಾ ಹೊರಗ ಕಟ್ಟಿ ಮ್ಯಾಲಿದ್ದೆ, ಸಪ್ಪಳ ಕೇಳಿ ಓಡಿದೆ. ಅನ್ನ ಚೆಲ್ಲಿತ್ತು, ಕಾಲು ಸುಟ್ಟಿತ್ತು, ಆಕಿ ಗ್ವಾಡಿಗೆ ಆತು ಬಿದ್ದು ಗಡಗಡ ನಡುಗಾಕತ್ತಿದ್ಲು, ಕಣ್ಣು ಮ್ಯಾಲ ಹೋಗಿದ್ವು. ತಾಯಮ್ಮ, ಓಣಿ ಹೆಂಗಸ್ರು ಎಲ್ಲಾ ಬಂದ್ರು. ಪಿನ್ನು ಆಕಿ ಬೀಳೋ ಜೋರಿಗೆ ಕಿತ್ತು ಬಂದಿತ್ತು. ಗಾಳಿನ ಇದು ಅಂತ ತಾಯಮ್ಮ ಅಂದ್ಲು. ನಮ್ಮವ್ವ ಕೆಟ್ಟಾಕಿ ಅಲ್ಲರಿ, ಇದನ್ನ ಬರಕೊಳ್ರಿ. ಆಕಿ ಹೆದರಿದ್ಲು. ಆಕಿ ತಾಯಮ್ಮನ ಮಾತು ಕೂಡ್ಲೆ ಒಪ್ಪಲಿಲ್ಲ. ನನ್ನ ಕಡೆ ತಿರುಗಿದ್ಲು.

"ಅಮರಾ, ನಿನಗ ಕರೆಂಟು ತಿಳಿತೈತಿ. ನೀ ಹೇಳು. ಅದರಾಗೇನರ ಐತೇನು?"

ಎಲ್ಲಾರೂ ನನ್ನ ನೋಡಿದ್ರು. ಆ ಓಣ್ಯಾಗ ಆಗ ನನಗ ಎಲ್ಲಾರೂ ಇಂಜಿನೇರ್ ಅಂತಿದ್ರು — ಅರ್ಧ ಚೇಷ್ಟಿ, ಅರ್ಧ ಖರೆ. ನಾ ಪಿನ್ನು ಮತ್ತ ಹಚ್ಚಿ, ಕುಕ್ಕರ್ ಮೈಮ್ಯಾಲ ಅಂಗೈ ಪೂರ್ತಿ ಇಟ್ಟೆ. ಏನೂ ಆಗಲಿಲ್ಲ.

"ಕುಕ್ಕರ್‌ನಾಗ ಏನೂ ಇಲ್ಲವ್ವ. ನೋಡು, ನಾ ಮುಟ್ಟೀನಿ."

ನನ್ನ ಕಾಲಾಗ ರಬ್ಬರ್ ಚಪ್ಪಲಿ ಇದ್ವು. ಓಡಿ ಬರೋ ಗದ್ದಲದಾಗ ಹಂಗ ಅಡಿಗಿ ಮನಿಯೊಳಗ ಬಂದುಬಿಟ್ಟಿದ್ದೆ. ಬ್ಯಾರೆ ಯಾವ ದಿನ ಆಗಿದ್ರೂ ಅವ್ವ ಸಾರಿಸಿದ ನೆಲದ ಮ್ಯಾಲ ಚಪ್ಪಲಿ ಹಾಕ್ಕೊಂಡು ಬಂದಿದ್ದಕ್ಕ ನನ್ನ ಬೆನ್ನು ಮುರೀತಿದ್ಲು. ಅವತ್ತು ಆಕಿ ಒಂದು ಮಾತು ಬೈದಿದ್ರ, ಚಪ್ಪಲಿ ಬಿಟ್ಟು ಬಾರಲೇ ಅಂದಿದ್ರ —

ಬೈಲಿಲ್ಲ. ನನ್ನ ಮಾತು ಹಿಡಿದ್ಲು. ಕುಕ್ಕರ್‌ನಾಗ ಇಲ್ಲಾಂದ್ರ ಆಕಿ ಒಳಗ ಐತಿ ಅಂತಾತು.

ಮುದಗಲ್ ಕಡಿಯಿಂದ ತಾಯತ ಕಟ್ಟೋ ಮುದುಕನ್ನ ಕರಸಾಕ ಹೇಳಿ ಕಳಿಸಿದ್ರು. ಅಮಾಸಿ ದಿನ ಬರ್ತೀನಿ ಅಂದ. ಅಣ್ಣ ಕಾಲುವಿ ಕಡೆ ಗದ್ದಿ ಕೆಲಸದಾಗಿದ್ದ, ಅವಗ ಸುದ್ದಿ ಹೋತು, ಅವ್ವ ಹೇಳಿದಂಗ ಮಾಡ್ರಿ ಅಂದನಂತ.

ಆ ನಡುವ ನಾ ಹತ್ತನೇತ್ತದ ಮಾರ್ಕ್ಸ್ ಕಾರ್ಡಿನ ಕೆಲಸಕ್ಕ ಲಿಂಗಸುಗೂರಿಗೆ ಹೋದೆ. ಬರೋ ಮುಂದ ಒಂದು ಟೆಸ್ಟರ್ ತಗೊಂಡೆ — ನನ್ನ ಜನ್ಮದಾಗ ಮೊದಲನೇ ಟೆಸ್ಟರ್. ಬಸ್ಸಿನ್ಯಾಗ ಅದನ್ನ ಎಷ್ಟು ಸಲ ಹೊರಗ ತಗದು ನೋಡಿದ್ನೋ. ಮನಿಗೆ ಬಂದು ಬೋರ್ಡಿನ ತೂತಿಗೆ ಹಚ್ಚಿದೆ, ಒಳಗಿನ ಸಣ್ಣ ದೀಪ ಹತ್ತಿತು. ಮೈಮ್ಯಾಲ ರೋಮ ಎದ್ದು ನಿಂತ್ವು ಖುಷಿಗೆ. ರೇಡಿಯೊಕ್ಕ ಹಚ್ಚಿದೆ, ಇಸ್ತ್ರಿ ಪೆಟಗಿಗೆ ಹಚ್ಚಿದೆ. ಸಿಕ್ಕಿದ್ದಕ್ಕೆಲ್ಲ ಹಚ್ಚಿಕೊಂತ ಅಡಿಗಿ ಮನಿಗೆ ಬಂದೆ. ಕುಕ್ಕರ್ ಪಿನ್ನು ಹಾಕಿ, ಅದರ ತಗಡಿನ ಮೈಗೆ ಟೆಸ್ಟರ್ ತುದಿ ಇಟ್ಟೆ.

ದೀಪ ಕೆಂಪಗ ಹತ್ತಿತು.

ಚಪ್ಪಲಿ ಇರಲಿಲ್ಲ ಕಾಲಾಗ. ಅವತ್ತೂ ಸಾರಿಸಿದ್ರು, ನೆಲ ಹಸಿ ಇತ್ತು. ಒಂದು ಬಟ್ಟು ತಾಗಿಸಿದೆ — ಭುಜದ ತನಕ ಜಗ್ಗಿ ಹೊಡೀತು. ಆಕಿ ಹೇಳಿದ್ದ ಚುರ್ ಅದು. ಇಷ್ಟು ದಿನ ಆಕಿ ಹೇಳಿಕೋಂತ ಬಂದಿದ್ದು.

ಅಮಾಸಿ ಮರುದಿನ ಇತ್ತು.

ಹೇಳಬಹುದಿತ್ತು. ಅವ್ವ ಹಿತ್ತಲದಾಗ ಬಟ್ಟಿ ಒಗೀತಿದ್ಲು, ಅತ್ತಿಗೆಮ್ಮ ಒಳಕೋಣ್ಯಾಗ ಸುಟ್ಟ ಕಾಲಿಗೆ ಎಣ್ಣಿ ಹಚ್ಕೊಂತ ಕುಂತಿದ್ಲು. ಬಾಗಲ ದಾಟಿದ್ರ ಸಾಕಿತ್ತು. ನಾ ಬಾಗಲ ಹಾಕ್ಕೊಂಡೆ. ಕುಕ್ಕರ್ ಬಿಚ್ಚಿದೆ. ಅಡಿಯಾಗ ಒಂದು ವಾಯರಿನ ಸಿಪ್ಪಿ ಸುಟ್ಟು ತಗಡಿಗೆ ಅಂಟಿತ್ತು. ಹಳೇ ಇಸ್ತ್ರಿ ಪೆಟಗಿ ಒಳಗಿಂದ ಕಾವು ತಡಿಯೋ ಬಿಳಿ ದಾರದ ಕೊಳವಿ ಕಿತ್ತು ಅದಕ್ಕ ತೊಡಿಸಿ, ಮೊದಲಿನಂಗ ಬಿಗದು ಇಟ್ಟೆ. ಟೆಸ್ಟರ್ ಹಚ್ಚಿದ್ರ ದೀಪ ಹತ್ತಲಿಲ್ಲ. ಚಂದ ಕೆಲಸ ಮಾಡೀನಿ ಅಂತ ಅನಿಸ್ತು — ಹೌದರಿ, ಆ ಹೊತ್ತಿನ್ಯಾಗೂ ನನಗ ಹಂಗ ಅನಿಸ್ತು.

ಯಾಕ ಹೇಳಲಿಲ್ಲ? ಕಾರಣ ಬರದು ಬರದು ಅಳಿಸೀನಿ. ಇಂಜಿನೇರ್ ಅನ್ನೋ ಹೆಸರು ಹೋಗ್ತೈತಿ ಅಂತ ಅಂಜಿದೆ. ಅಷ್ಟ. ಅದಕ್ಕಿಂತ ದೊಡ್ಡದು ಒಳಗ ಏನೂ ಇರಲಿಲ್ಲ.

ಮುದುಕ ಬಂದ. ಅವ ಸುಳ್ಳುಗಾರ ಅಂತ ನಾ ಹೇಳಾಂಗಿಲ್ಲ. ಅವಗ ಏನು ಹೇಳಿದ್ರೋ ಅದಕ್ಕ ತಕ್ಕಂಗ ಮಾಡಿದ. ನಡುಮನ್ಯಾಗ ಅತ್ತಿಗೆಮ್ಮನ್ನ ಕೂಡಿಸಿದ್ರು, ತುರುಬು ಬಿಚ್ಚಿದ್ರು, ಮೆಣಸಿನಕಾಯಿ ಹೊಗಿ ಹಾಕಿದ್ರು. ಓಣಿ ಅರ್ಧ ಒಳಗ, ಅರ್ಧ ಬಾಗಲದಾಗ. ನೀ ಯಾರು, ಎಲ್ಲಿಂದ ಬಂದಿ, ಯಾವ ಕಾಲುವಿ ಮ್ಯಾಲ ಹತ್ತಿಕೊಂಡಿ ಅಂತ ಅವ ಕೇಳಿಕೋಂತ ಹೋದ. ಆಕಿ ಕೆಮ್ಮಿಕೋಂತ, ಕಣ್ಣು ಉಜ್ಜಿಕೋಂತ ಒಂದ ಮಾತು ಹೇಳಿದ್ಲು.

"ಯಾರೂ ಇಲ್ಲರೀ. ನಾ ಹುಲಿಗೆಮ್ಮರಿ."

ಅದನ್ನ ಅವ ಒಪ್ಪಲಿಲ್ಲ. ಮತ್ತ ಕೇಳಿದ. ಮತ್ತ ಹೊಗಿ. ಕಡೀಕ ಆಕಿ ಮಂದಿಯೊಳಗ ನನ್ನ ಹುಡುಕಿದ್ಲು. ಆ ಹೊಗ್ಯಾಗ ನಾ ಎಲ್ಲಿ ನಿಂತೀನಿ ಅಂತ ಹೆಂಗ ಕಂಡಿತೋ ಆಕಿಗೆ.

"ತಮ್ಮಾ, ನೀನರ ಹೇಳೋ."

ನಾ ನೆಲ ನೋಡಿದೆ.

ಇದಕ್ಕ ನಿಮಗ ತಡೀರಿ ಅಂದಿದ್ದು. ವಾಯರ್ ಕತ್ತರಿಸಿದ್ದಕ್ಕಲ್ಲ. ಈ ನೆಲ ನೋಡಿದ್ದಕ್ಕ.

ಸ್ವಲ್ಪ ಹೊತ್ತಿನ ಮ್ಯಾಲ ಆಕಿ ಕೇಳಿದ್ದಕ್ಕೆಲ್ಲ ಹೂಂ ಅನ್ನಾಕತ್ತಿದ್ಲು. ಕಾಲುವಿ ಮ್ಯಾಲಿಂದ ಬಂದಿಯೇನು — ಹೂಂ. ಬಿಟ್ಟು ಹೋಗ್ತಿಯೇನು — ಹೂಂ. ಹೊಗಿ ನಿಲ್ಲಿಸಿದ್ರು. ಬಲಗೈಗೆ ತಾಯತ ಕಟ್ಟಿದ್ರು. ಹೊಗಿ ನಿಂತಿದ್ದಕ್ಕ ನನಗೂ ಉಸಿರು ಬಂತು. ಅದನ್ನ ಸಮಾಧಾನ ಅಂತ ಅನ್ಕೊಂಡೆ.

ಮುಂದಿನ ಮಂಗಳವಾರ ಅವ್ವ ಆಕಿನ್ನ ತಾನ ಕರದು, ಕುಕ್ಕರ್ ಮುಟ್ಟು ನೋಡೋಣು ಅಂದ್ಲು. ನೆಲ ಸಾರಿಸಿದ್ದು ಹಸಿ ಇತ್ತು. ತಾಯಮ್ಮನೂ ಬಂದಿದ್ಲು. ಆಕಿ ಕಣ್ಣು ಮುಚ್ಚಿ ಮುಟ್ಟಿದ್ಲು. ಏನೂ ಆಗಲಿಲ್ಲ. ಶುಕ್ರವಾರ ಮುಟ್ಟಿದ್ಲು. ಏನೂ ಆಗಲಿಲ್ಲ. ಅವ್ವ ಅತ್ತುಬಿಟ್ಲು ಖುಷಿಗೆ, ಸೊಸಿ ತಲಿ ಸವರಿದ್ಲು. ಮುದುಕನ ಹೆಸರು ಸುತ್ತ ಹಳ್ಳಿಗೆಲ್ಲಾ ಹೋತು. ನೋಡ್ರಿ, ನಾ ರಿಪೇರಿ ಮಾಡದ ಬಿಟ್ಟಿದ್ರ ಒಂದಿನ ಅವ್ವಗೋ ತಾಯಮ್ಮಗೋ ಹೊಡದು ಖರೆ ಸಂಗತಿ ಹೊರಗ ಬರ್ತಿತ್ತು. ನಾ ಕಳ್ಳತನದಿಂದ ಸರಿ ಮಾಡಿದೆ. ಆ ಸರಿ ಮಾಡಿದ್ದ ಆಕಿ ಮ್ಯಾಲಿನ ಸುಳ್ಳಿಗೆ ಮುದ್ರಿ ಒತ್ತಿತು. ಆಕಿಗೆ ಗಾಳಿ ಇದ್ದಿದ್ದು ಖರೆ ಆಗಿ ಹೋತು.

ಮಂದಿ ನಂಬಿದ್ದು ಇರಲಿ. ಆಕಿನೂ ನಂಬಿದ್ಲು. ಅದು ನನಗ ಗೊತ್ತಾಗಾಕ ಬಾಳ ದಿನ ಬೇಕಾತು.

ಮೊದಲು ಕುಕ್ಕರ್ ಬಿಟ್ಲು. ಅರಬಿಯೊಳಗ ಸುತ್ತಿ ಗೂಡಿನ್ಯಾಗ ಇಟ್ಲು. ಈಗ ಏನೂ ಆಗಾಂಗಿಲ್ಲಲ್ಲ ಅತ್ತಿಗೆಮ್ಮ, ಮಾಡ್ಕೊಂಡು ಉಣ್ಣಬಾರದೇನು ಅಂದೆ. ರೊಟ್ಟಿ ರೂಢಿ ಆತು ತಮ್ಮಾ ಅಂದ್ಲು. ಆಮ್ಯಾಲ ಓಣ್ಯಾಗ ಮದುವಿ ಇದ್ರ, ಮುತ್ತೈದೇರೆಲ್ಲಾ ಮದುಮಗಳಿಗೆ ಅರಿಷಿಣ ಹಚ್ಚೋ ಮುಂದ ಆಕಿ ಹಿಂದ ಸರಿದು ನಿಲ್ತಿದ್ಲು. ಯಾರೂ ಬ್ಯಾಡ ಅಂದಿರಲಿಲ್ಲ. ಕರೀತಿದ್ರು ಸುದ್ದ. ಗಾಳಿ ಹೊಕ್ಕ ಕೈ ನಂದು, ಬ್ಯಾಡವ್ವ ಅಂತಿದ್ಲು ಅಷ್ಟ.

ಮಗಳು ಹುಟ್ಟಿದ್ಲು, ಗಿರಿಜಾ. ಕೂಸಿಗೆ ಎರೆಯೋದು, ಎಣ್ಣಿ ಹಚ್ಚೋದು ಅವ್ವಗ ಬಿಟ್ಲು. ಮೊದಲು ಅತ್ತಿ ಮರ್ಯಾದಿಗೆ ಬಿಟ್ಟಾಳ ಅನ್ಕೊಂಡ್ವಿ. ಹುಡುಗಿ ಬೆಳದ್ಲು, ಸಾಲಿಗೆ ಹೊಂಟ್ಲು. ಒಂದು ಮುಂಜಾನೆ ಹಣಗಿ ಹಿಡ್ಕೊಂಡು ಬಂದು ಅವ್ವಾ ನೀನ ಬಾಚು ಅಂತ ಅತ್ತಿಗೆಮ್ಮನ ಮಡಿಲಾಗ ಕುಂತಿತು. ಅತ್ತಿಗೆಮ್ಮ ಎರಡೂ ಕೈ ಹಿಂದ ಮಾಡ್ಕೊಂಡ್ಲು. ಅಜ್ಜಿ ಕಡೆ ಹೋಗವ್ವ ಅಂದ್ಲು. ಹುಡುಗಿ ಹೋಗವಲ್ದು. ಕಡೀಕ ಆಕಿ ಎದ್ದು ಹೋಗಿ ಜಗುಲಿಯಿಂದ ವಿಭೂತಿ ತಂದು ಅಂಗೈಗೆ ತಿಕ್ಕಿಕೊಂಡು, ಆಮ್ಯಾಲ ಹಣಗಿ ಹಿಡಿದ್ಲು. ಹಣಗಿಯಿಂದ ಮುಟ್ಟಿದ್ಲು. ಕೈಯಿಂದ ಕೂದಲ ಮುಟ್ಟಲಿಲ್ಲ.

ನಾ ಅವತ್ತ ಸಿಂಧನೂರಿಗೆ ಹೋಗೋ ಬಸ್ಸಿಗೆ ಚೀಲ ತುಂಬಾಕತ್ತಿದ್ದೆ. ಅಂಗಡಿ ಇಡೋ ತಯಾರಿ. ನೋಡಿದೆ. ಚೀಲದ ದಾರ ಬಿಗಿದು ಬಸ್ಸಿಗೆ ಹೋದೆ.

ಈಗ ಅಣ್ಣ ಲಿಂಗಸುಗೂರಾಗ ಮನಿ ಮಾಡ್ಯಾನ, ಅಲ್ಲೇ ಒಬ್ಬರ ಹತ್ರ ಲಾರಿ ಹೊಡೀತಾನ. ಮೊನ್ನೆ ಬ್ಯಾಸಗ್ಯಾಗ ನಾ ಹೋದೆ. ಹೇಳಬೇಕು ಅಂತಾನ ಹೋದೆ, ದಾರಿಗುಂಟ ಹೇಳೋ ಮಾತು ಜೋಡಿಸಿಕೋಂತ. ಅಣ್ಣ ಊರಾಗ ಇರಲಿಲ್ಲ, ಗಿರಿಜಾ ಸಾಲಿ ರಜಾಕ್ಕ ನಮ್ಮವ್ವನ ಹತ್ರ ಮಸ್ಕಿಗೆ ಹೋಗಿತ್ತು. ಅತ್ತಿಗೆಮ್ಮ ಚಾ ಮಾಡಿ ತಂದ್ಲು, ಕಪ್ಪು ಕೈಗೆ ಕೊಡಲಿಲ್ಲ, ನೆಲಕ್ಕ ಇಟ್ಟು ನನ್ನ ಕಡೆ ಸರಿಸಿದ್ಲು. ಆಕಿ ಎಲ್ಲಾರಿಗೂ ಹಂಗ ಕೊಡ್ತಾಳ ಈಗ.

ಎಲ್ಲಾ ಹೇಳಿದೆ. ಹಸಿರು ವಾಯರ್, ಹಸಿ ನೆಲ, ನನ್ನ ಚಪ್ಪಲಿ, ಟೆಸ್ಟರ್, ಬಾಗಲ ಹಾಕ್ಕೊಂಡು ಬಿಚ್ಚಿದ್ದು. ಮಂಗಳವಾರ ಶುಕ್ರವಾರನ ಯಾಕ ಅನ್ನೋದನ್ನ ನೆಲದ ಮ್ಯಾಲ ಬಟ್ಟಿನಿಂದ ಗೆರಿ ಹೊಡದು ತೋರಿಸಿದೆ. ಆ ಆಯಸ್ಕಾಂತದ ಸುದ್ದಿ ಹೇಳಿದಾಗ ಕೇಳಿದಂಗ ಆಕಿ ಲಕ್ಷ್ಯ ಕೊಟ್ಟು ಕೇಳಿದ್ಲು. ಬೈತಾಳ, ಹೊರಗ ನಡಿ ಅಂತಾಳ, ಅಳ್ತಾಳ — ಎಲ್ಲದಕ್ಕೂ ತಯಾರಾಗಿ ಹೋಗಿದ್ದೆ.

ಆಕಿ ನಕ್ಲು.

"ಆತು ಬಿಡು ತಮ್ಮಾ. ನನ್ನ ಮನಸಿಗೆ ಹಗುರ ಆಗ್ಲಿ ಅಂತ ಹೇಳಾಕತ್ತಿ. ನಿನಗ ಗೊತ್ತಿದ್ರ ಅವತ್ತ ಹೇಳ್ತಿದ್ದಿ. ನಾ ಕೇಳಿದ್ನಲ್ಲ ನಿನ್ನ. ನನ್ನನ್ನ ಹೊಗ್ಯಾಗ ಕೂಡಿಸಿದ್ದು ನೋಡಿಕೋಂತ ಗೊತ್ತಿದ್ದೂ ಸುಮ್ನಿರೋ ಹುಡುಗ ಅಲ್ಲ ನೀ."

ಇಲ್ಲ ಅತ್ತಿಗೆಮ್ಮ, ಗೊತ್ತಿತ್ತು ಅಂದೆ. ಆಣಿ ಮಾಡಿದೆ. ಆಣಿ ಮಾಡಬ್ಯಾಡ, ಚಾ ಆರ್ತೈತಿ ಅಂದ್ಲು.

ನಾ ಬಸ್ಸಿನ್ಯಾಗ ಕುಂತು ಆ ಮಾತನ್ನ ತಿರುಗಿ ತಿರುಗಿ ಕೇಳಿಕೊಂಡೆ. ಆಕಿ ತನ್ನ ಕೈ ಕೆಟ್ಟವು ಅಂತ ನಂಬಾಕ ತಯಾರದಾಳ, ನಾ ಕೆಟ್ಟಾಂವ ಅಂತ ನಂಬಾಕ ತಯಾರಿಲ್ಲ. ನನ್ನ ಮ್ಯಾಲಿನ ಆ ವಿಶ್ವಾಸ ಮುರೀದ ಹೊರ್ತು ಆಕಿ ಕೈ ಆಕಿಗೆ ತಿರುಗಿ ಸಿಗಾಂಗಿಲ್ಲ. ಒಬ್ಬಾಕಿ ಮುಂದ, ಚಾ ಕುಡಕೋಂತ, ಮೆಲ್ಲಕ ಹೇಳಿದ್ರ ಅದು ಮುರಿಯಾಂಗಿಲ್ಲ. ಆಕಿ ಮ್ಯಾಲ ಸುಳ್ಳು ಹೊರಿಸಿದ್ದು ಓಣಿ ಮಂದಿ ಮುಂದ. ಇಳಿಸೋದೂ ಅವರ ಮುಂದ ಆಗಬೇಕು.

ಅದಕ್ಕ ಬರುವ ಅಮಾಸಿಗೆ ಮಸ್ಕಿಗೆ ಹೊಂಟೀನಿ. ಅವ್ವಗ, ಅಣ್ಣಗ, ತಾಯಮ್ಮಗ, ಗಿರಿಜಾಗ, ಓಣಿ ಮಂದಿಗೆಲ್ಲಾ ನಮ್ಮ ನಡುಮನಿಗೆ ಬರಾಕ ಹೇಳೀನಿ. ಯಾಕ ಅಂತ ಹೇಳಿಲ್ಲ. ಅತ್ತಿಗೆಮ್ಮನ್ನ ಅಣ್ಣ ಕರಕೊಂಡು ಬರ್ತಾನ. ಒಂದು ತಗಡಿನ ಡಬ್ಬಿಗೆ ಹಂಗ ವಾಯರ್ ಸುಟ್ಟು ತಾಗಿಸಿ ತಯಾರು ಮಾಡೀನಿ, ಕಮ್ಮಿ ಕರೆಂಟಿಂದು, ಯಾರಿಗೂ ಏನೂ ಆಗದಂಗ. ನೆಲಕ್ಕ ನೀರು ಹಾಕಿ, ಚಪ್ಪಲಿ ಬಿಟ್ಟು, ಮೊದಲು ನಾ ಮುಟ್ಟತೀನಿ. ಆಮ್ಯಾಲ ಅವ್ವ ಮುಟ್ಟಲಿ. ಆಮ್ಯಾಲ ಹೇಳ್ತೀನಿ, ಗೊತ್ತಿತ್ತು ಅಂತ. ಅಣ್ಣ ಹೊಡದ್ರ ಹೊಡೀಲಿ. ಅತ್ತಿಗೆಮ್ಮ ಇನ್ನ ಮುಂದ ನನ್ನ ಮಾರಿ ನೋಡದಿದ್ರ ನೋಡದಿರಲಿ. ಹಂಗ ನೋಡದಿದ್ರನ ಆಕಿ ನನ್ನ ಮಾತು ನಂಬಿದ್ಲು ಅಂತ ನನಗ ಗೊತ್ತಾಗ್ತೈತಿ.

ಇನ್ನ ನಿಮಗ. ನೀವು ನನ್ನಂಗ ಬಿಚ್ಚೋರು, ಜೋಡಿಸೋರು. ನಿಮ್ಮ ಮನ್ಯಾಗ ಅವ್ವನೋ, ಅಕ್ಕನೋ, ಹೆಂಡ್ತಿನೋ ಚುರ್ ಅಂತೈತಿ ಅಂದಾಗ ನೀವೂ ಏನಿಲ್ಲ ಅಂದಿದ್ರೇನು? ಗೊತ್ತಾದ ಮ್ಯಾಲ ಹೇಳಿದ್ರೇನು, ಇಲ್ಲಾ ನನ್ನಂಗ ಬಾಗಲ ಹಾಕ್ಕೊಂಡು ಸರಿ ಮಾಡಿ ಸುಮ್ನಾದ್ರೇನು? ಹೇಳಿದ್ರ, ಅವ್ರು ಏನಂದ್ರು? ಈ ಪುಸ್ತಕಕ್ಕ ಬರದು ಕಳಸ್ರಿ. ಸರ್ಕಿಟ್ಟಿನ ಪುಟ ಸಣ್ಣದಾದ್ರೂ ಆಗಲಿ, ನಿಮ್ಮ ಮಾತಿಗೆ ಜಾಗ ಬಿಟ್ಟಿರ್ತೀನಿ.